ಅಧ್ಯಾಪಕರ ಉಡುಪು: ಅಲ್ಪ ವೆಚ್ಚ, ಅನಲ್ಪ ಶೋಭೆ

‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎಂಬ ನಾಣ್ಣುಡಿಯು ಅಧ್ಯಾಪಕನಿಗೆ ಅನ್ವಯಿಸುವಷ್ಟು ಇನ್ನಾರಿಗೂ ಅನ್ವಯಿಸದು. ಕಚೇರಿಯ ಗುಮಾಸ್ತನು ಕಾಗದಗಳ ಮರೆಯಲ್ಲಿ ಕುಳಿತಿರಬಹುದು. ಅಧ್ಯಾಪಕನಾದರೋ ದಿನಕ್ಕೆ ಐದಾರು ತಾಸು ಮಕ್ಕಳ ಕಣ್ಣೆದುರಿಗೆ ನಿಂತಿರತಕ್ಕವನು. ಅವನು ಪುಸ್ತಕ ತೆರೆಯುವ ಮುನ್ನವೇ ಮಕ್ಕಳು ಅವನನ್ನು ಓದಿ ಮುಗಿಸಿರುತ್ತಾರೆ.

ಆದಕಾರಣ ಹೊಸದಾಗಿ ವೃತ್ತಿಗೆ ಸೇರಿದವರಿಗೆ ಉಡುಪಿನ ಚಿಂತೆ ಸಹಜವಾದುದು. ಔರಾದ ತಾಲೂಕಿನ ಹಳ್ಳಿಯಿಂದ ಬಂದು ಭಾಲ್ಕಿಯಲ್ಲೋ ಬೀದರ ನಗರದಲ್ಲೋ ಬಾಡಿಗೆಯ ಕೋಣೆ ಹಿಡಿದ ತರುಣನ ಮೊದಲ ಸಂಬಳದಲ್ಲಿ ಮನೆಗೆ ಕಳುಹಿಸಬೇಕಾದುದನ್ನು, ಊಟ ಬಾಡಿಗೆಗಳನ್ನು ಕಳೆದರೆ ಉಳಿಯುವುದು ಅತ್ಯಲ್ಪ. ಅಂಗಡಿಯಲ್ಲಿ ಉದ್ರಿ ಬರೆಸಿ ಹತ್ತು ಜೊತೆ ಬಟ್ಟೆ ಹೊಲಿಸಿದರೆ, ಬಟ್ಟೆ ಹರಿದ ಮೇಲೂ ಸಾಲ ಹರಿಯದು.

ಈ ಸೀಮೆಯಲ್ಲಿ ಉಡುಪು ಕಾಲಕ್ಕೆ ತಕ್ಕಂತೆ ಮಾರ್ಪಟ್ಟಿದೆ. ನಿಜಾಮರ ಆಳ್ವಿಕೆಯಲ್ಲಿ ಶೇರ್ವಾಣಿ, ರೂಮಿ ಟೋಪಿಗಳಿಗೆ ಮನ್ನಣೆಯಿತ್ತು. 1948ರಲ್ಲಿ ಆ ಆಳ್ವಿಕೆ ಮುಗಿದು, 1956ರಲ್ಲಿ ಬೀದರ ಜಿಲ್ಲೆಯು ಕನ್ನಡ ನಾಡಿನೊಡನೆ ಒಂದಾಯಿತು. ಧೋತರ, ಕೋಟುಗಳ ಮೇಷ್ಟರು ಹೋಗಿ ಪ್ಯಾಂಟು, ಬುಷ್ ಶರ್ಟಿನ ಮೇಷ್ಟರು ಬಂದರು. ಮಾರ್ಪಡದೆ ಉಳಿದುದು ಒಂದೇ: ಓರಣ.

ಇದೇ ಜಿಲ್ಲೆಯ ಕಲ್ಯಾಣದಲ್ಲಿ ಹನ್ನೆರಡನೆಯ ಶತಮಾನದಲ್ಲಿ ಬಟ್ಟೆಯನ್ನು ಮಡಿ ಮಾಡಿದ ಮಾಚಿದೇವರೂ ಸೂಜಿ ಕಾಯಕದ ರಾಮಿತಂದೆಗಳೂ ಶರಣರ ಸಾಲಿನಲ್ಲಿ ಗೌರವ ಪಡೆದರು. ಉಡುಪಿನ ಚೆಲುವೂ ಬಹುಪಾಲು ಹೊಲಿಗೆ, ಒಗೆತಗಳ ಕೈಯಲ್ಲಿಯೇ ಇದೆ.

ಗಾಢವರ್ಣದ ಎರಡು ಪ್ಯಾಂಟು, ಅವೆರಡಕ್ಕೂ ಹೊಂದುವ ತಿಳಿವರ್ಣದ ನಾಲ್ಕು ಅಂಗಿ ಇದ್ದರೆ ಎಂಟು ಬಗೆಯ ಜೋಡಿಯಾಗುತ್ತದೆ. ವಾರಕ್ಕೆ ಆರೇ ದಿನ ಶಾಲೆ! ಶಿಕ್ಷಕಿಯರಿಗೆ ನಾಲ್ಕು ನೂಲಿನ ಸೀರೆ, ಅಂಚಿಗೆ ಒಪ್ಪುವ ಎರಡು ಮೂರು ಕುಪ್ಪಸ ಸಾಕು. ಬೀದರ ನಗರದ ಸುತ್ತ ಕೆಂಪು ಧೂಳು. ಭಾಲ್ಕಿ, ಔರಾದಗಳ ಕಡೆ ಮಳೆಗಾಲದಲ್ಲಿ ಎರೆಯ ಕೆಸರು. ಆದುದರಿಂದ ಅಪ್ಪಟ ಬಿಳುಪಿಗಿಂತ ಕಂದು, ಬೂದು ಬಣ್ಣಗಳು ಬಾಳಿಕೆ ಬರುತ್ತವೆ. ಬೇಸಿಗೆಯ ಉರಿಗೆ ಹತ್ತಿಯೇ ಹಿತ. ಗಾಂಧಿ ಜಯಂತಿಯ ವೇಳೆಗೆ ಖಾದಿ ಭಂಡಾರಗಳಲ್ಲಿ ರಿಯಾಯಿತಿ ದೊರೆಯುತ್ತದೆ. ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮವೂ 1975ರಿಂದ ಇದೆ. ಹತ್ತಿಯ ಅರಿವೆಯನ್ನು ಒಂದು ರಾತ್ರಿ ನೀರಿನಲ್ಲಿ ನೆನೆಸಿ ಒಣಗಿಸಿದ ಮೇಲೆ ಹೊಲಿಯಲು ಕೊಡಬೇಕು. ಇಲ್ಲವಾದರೆ ಮೊದಲ ಒಗೆತಕ್ಕೇ ಅಂಗಿ ಗಿಡ್ಡವಾದೀತು. ಹೊಲಿಗೆಯೊಳಗೆ ಅಂಗುಲದಷ್ಟು ಬಟ್ಟೆ ಬಿಡಿಸಿದರೆ ಮೈ ತುಂಬಿದಾಗ ಬಿಚ್ಚಿ ಹಿಗ್ಗಿಸಬಹುದು. ನೆರಳಿನಲ್ಲಿ ಒಣಗಿಸಿದರೆ ಬಣ್ಣ ಮಾಸದು. ತುಸು ಗಂಜಿ, ಇಸ್ತ್ರಿಗಳಿಂದ ಅಗ್ಗದ ಅರಿವೆಗೂ ಕಳೆ ಬರುತ್ತದೆ.

ಇಷ್ಟೆಲ್ಲಕ್ಕೂ ಮಿಗಿಲಾದ ವಿಚಾರ ಒಂದುಂಟು. ತರಗತಿಯ ಹಿಂದಿನ ಸಾಲಿನಲ್ಲಿ, ಅಣ್ಣನು ತೊಟ್ಟು ಬಿಟ್ಟ ಅಂಗಿಗೆ ತೇಪೆ ಹಾಕಿಸಿಕೊಂಡು ಬಂದ ಕೂಲಿಕಾರನ ಮಗು ಕುಳಿತಿರುತ್ತದೆ. ಗುರುವಿನ ಮೈಮೇಲೆ ಝಗಝಗಿಸುವ ದುಬಾರಿ ವಸ್ತ್ರವಿದ್ದರೆ ಆ ಮಗು ತನ್ನ ತೇಪೆಯನ್ನು ಕೈಯಿಂದ ಮರೆಮಾಡೀತು. ಗುರುವೇ ಕೊಳಕಾಗಿ ಬಂದರೆ, ಬಡವನಿಗೆ ಕೊಳಕೇ ಗತಿಯೆಂದು ತಿಳಿದೀತು. ಗುರುವಿನ ಅಂಗಿ ಹಳೆಯದಾಗಿದ್ದೂ ಶುಭ್ರವಾಗಿ, ಗುಂಡಿಗಳೆಲ್ಲ ನೆಟ್ಟಗಿದ್ದರೆ, ಇಂಥ ಓರಣ ತನಗೂ ಸಾಧ್ಯವೆಂಬ ಧೈರ್ಯ ಆ ಮಗುವಿಗೆ ಮೂಡುತ್ತದೆ. ಆ ಧೈರ್ಯವೂ ಒಂದು ಪಾಠವೇ.

ಸಮಾರಂಭಗಳಲ್ಲಿ ಗುರುಗಳಿಗೆ ಶಾಲು ಹೊದಿಸುವ ಪದ್ಧತಿ ಪ್ರಶಂಸನೀಯ. ಆದರೆ ಹೆಚ್ಚಿನ ಶಾಲುಗಳು ಟ್ರಂಕಿನಲ್ಲಿಯೇ ಮಡಿಸಿಟ್ಟಂತೆ ಉಳಿಯುತ್ತವೆ. ದಾನಿಗಳೂ ಹಳೆಯ ವಿದ್ಯಾರ್ಥಿಗಳೂ ಅದರ ಬದಲು ಒಂದು ಅಂಗಿಗಾಗುವ ಕೈಮಗ್ಗದ ಬಟ್ಟೆಯನ್ನೋ ಒಂದು ನೂಲಿನ ಸೀರೆಯನ್ನೋ ಕೊಟ್ಟರೆ ನೇಕಾರನಿಗೆ ಕೆಲಸ, ಹೊಲಿಯುವವನಿಗೆ ಕೂಲಿ, ಹೊಸ ಶಿಕ್ಷಕನಿಗೆ ಸಾಲದಿಂದ ಬಿಡುಗಡೆ. ಆ ಸನ್ಮಾನವು ವರುಷವೆಲ್ಲ ಮಕ್ಕಳ ಕಣ್ಣೆದುರಿಗೆ ಓಡಾಡುತ್ತಿರುತ್ತದೆ.