ತಂದೆಯವರ ಕ್ಯಾಮರಾ

ಮಲೆನಾಡಿನ ನಮ್ಮ ಹಳೆಯ ಮನೆಯ ಬೀರುವಿನಲ್ಲಿ ತಂದೆಯವರ ಪುಟ್ಟ ಕ್ಯಾಮರಾವೊಂದು ಇಪ್ಪತ್ತು ವರ್ಷಗಳಿಗೂ ಮಿಗಿಲಾಗಿ ಚರ್ಮದ ಚೀಲದಲ್ಲಿಯೇ ಇದ್ದಿತು. ತಾಯಿಯವರು ತೀರಿಕೊಂಡ ಬಳಿಕ ಅವರು ಅದನ್ನು ಮುಟ್ಟಿದವರಲ್ಲ.

ಅದು ಜಪಾನಿನ ಒಲಿಂಪಸ್ ಕಂಪನಿಯವರು 1967ರಿಂದ 1984ರವರೆಗೆ ತಯಾರಿಸಿದ ‘ಟ್ರಿಪ್ 35’. ಇದಕ್ಕೆ ಬ್ಯಾಟರಿಯೇ ಬೇಡ. ಮಸೂರದ ಸುತ್ತಲೂ ಜೇನುಹುಟ್ಟಿನಂತೆ ಕಾಣುವ ಗಾಜಿನ ಹಿಂದಿರುವ ಸೆಲೆನಿಯಂ, ಬೆಳಕನ್ನು ವಿದ್ಯುತ್ತಾಗಿ ಮಾರ್ಪಡಿಸಿ ಒಳಗಿನ ಮುಳ್ಳನ್ನು ಅಲುಗಿಸುವುದು. ಅದರಂತೆ ಬೆಳಕಿನ ಕಿಂಡಿಯ ಅಗಲವೂ, ಸೆಕೆಂಡಿನ 40ನೆಯ ಅಥವಾ 200ನೆಯ ಒಂದು ಭಾಗವೆಂಬ ವೇಗವೂ ತಾವಾಗಿಯೇ ಗೊತ್ತಾಗುವುವು. ಬೆಳಕು ಸಾಲದಿದ್ದರೆ ನೋಡುವ ಕಿಂಡಿಯಲ್ಲಿ ಕೆಂಪು ಗುರುತೊಂದು ಏಳುವುದು, ಚಿತ್ರ ತೆಗೆಯಗೊಡದು.

ಕಳೆದ ಮಳೆಗಾಲದ ಕೊನೆಯಲ್ಲಿ ನಾವು ಅದನ್ನು ಹೊರತೆಗೆದೆವು. “ಇದರಲ್ಲಿ 21 ಎಂದು ಕಾಣುತ್ತಿದೆಯಲ್ಲ, ಏನದು?” ಎಂದು ಮಗಳು ಕೇಳಿದಳು. ನಾವು ಕಿವಿಗೊಡಲಿಲ್ಲ. ಹಿಂಬದಿಯ ಬಾಗಿಲನ್ನು ತೆರೆದುಬಿಟ್ಟೆವು. ಒಳಗೆ ಫಿಲಂ ಇದ್ದಿತು! ತಟ್ಟನೆ ಮುಚ್ಚಿದೆವು, ಆದರೆ ಬೆಳಕು ತನ್ನ ಕೆಲಸವನ್ನು ಮಾಡಿ ಮುಗಿಸಿದ್ದಿತು.

ಬೆಂಗಳೂರಿನಲ್ಲಿ ತೊಳೆಯಿಸಿದಾಗ, ಸುರುಳಿಯ ಹೊರಸುತ್ತಿನಲ್ಲಿದ್ದ ಕೊನೆಯ ಚಿತ್ರಗಳೆಲ್ಲ ನಷ್ಟವಾಗಿದ್ದುವು. ಒಳಸುತ್ತಿನ ಆರು ಮಾತ್ರ ಉಳಿದುವು. ಅವುಗಳಲ್ಲೊಂದರಲ್ಲಿ ತಾಯಿಯವರು ಜಗಲಿಯಲ್ಲಿ ಕುಳಿತು ಹೂ ಕಟ್ಟುತ್ತಿರುವರು. ಕೈಗಳು, ಬಾಳೆಯ ನಾರು, ಮಡಿಲಿನ ಮಲ್ಲಿಗೆ ಎಲ್ಲವೂ ಸ್ಪಷ್ಟ. ಮುಖವಿರಬೇಕಾದೆಡೆಯಲ್ಲಿ ಬರಿಯ ಬಿಳುಪು. ತಂದೆಯವರು ಬಹಳ ಹೊತ್ತು ನೋಡಿ, “ಕೈ ಅವಳದೇ” ಎಂದರು. ನಮ್ಮನ್ನು ಒಂದು ಮಾತೂ ಆಡಲಿಲ್ಲ.

ಮನೆಯಲ್ಲಿ ಇಂತಹ ಕ್ಯಾಮರಾವುಳ್ಳ ವಾಚಕರಲ್ಲಿ ನಮ್ಮ ವಿಜ್ಞಾಪನೆಯಿಷ್ಟು. ಬಾಗಿಲು ತೆರೆಯುವ ಮುನ್ನ ಎಣಿಕೆಯ ಅಂಕಿಯನ್ನು ನೋಡಬೇಕು. ಸುತ್ತುವ ಗುಬ್ಬಿಯನ್ನು ಬಾಣದ ಗುರುತಿನ ಕಡೆಗೆ ಮೆಲ್ಲನೆ ತಿರುಗಿಸಬೇಕು. ಬಿಗಿಯೆನಿಸಿದರೆ ಒಳಗೆ ಫಿಲಂ ಇರುವುದೆಂದು ತಿಳಿದು, ತಳದ ಗುಂಡಿಯನ್ನೊತ್ತಿ, ಪೂರ್ತಿಯಾಗಿ ಹಿಂದಕ್ಕೆ ಸುತ್ತಿದ ಮೇಲೆಯೇ ತೆರೆಯತಕ್ಕದ್ದು. ಚರ್ಮದ ಚೀಲವು ತೇವವನ್ನು ಹಿಡಿದಿಡುವುದರಿಂದ ಮಸೂರಕ್ಕೆ ಬೂಷ್ಟು ಹಿಡಿಯುವುದು. ಬಿಗಿಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಡನೆ ಇಡುವುದು ಲೇಸು. ಬಾಗಿಲಂಚಿನ ಕಪ್ಪು ಸ್ಪಂಜು ಅಂಟಂಟಾಗಿದ್ದರೆ ಹೊಸದನ್ನು ಹಾಕಿಸಬೇಕು. ಇಲ್ಲವಾದರೆ ಬೆಳಕು ನುಸುಳುವುದು. ಮಸೂರವನ್ನು ಪಂಚೆಯ ಅಂಚಿನಿಂದ ಒರಸಲೇಬಾರದು; ಮೊದಲು ಗಾಳಿಯೂದುವ ರಬ್ಬರಿನ ಬುರುಡೆಯಿಂದ ಧೂಳನ್ನು ಹಾರಿಸಬೇಕು.

ಈಗ ಕ್ಯಾಮರಾ ಶುದ್ಧವಾಗಿದೆ. ಹೊಸ ಫಿಲಂ ಹಾಕಿ ತಂದೆಯವರ ಕೈಗೆ ಕೊಟ್ಟೆವು. ಅವರು ಮೊಮ್ಮಗಳನ್ನು ಅದೇ ಜಗಲಿಯಲ್ಲಿ ಕೂರಿಸಿ, “ಮುಖವೆತ್ತಮ್ಮಾ” ಎಂದರು.