ನಡುಗೋಡೆಯ ಸಂದು

ಹಿಡಕಲ್ಲಿನ ನಮ್ಮ ಮನೆಯ ಪಡಸಾಲೆಯಲ್ಲಿ ನಡುಗೋಡೆಯೊಂದು ಎದ್ದಿದೆ. ಅಣ್ಣತಮ್ಮಂದಿರ ಪಾಲಿನ ಗೋಡೆಯಲ್ಲ, ಮೊದಲೇ ಹೇಳಿಬಿಡುತ್ತೇನೆ. ಮಾಳಿಗೆಯ ಮೆಟ್ಟಿಲು ಹತ್ತಲಾರದ ಅವ್ವನಿಗೆ ಕೆಳಗೊಂದು ಕೋಣೆ ಬೇಕಾಗಿತ್ತು. ಇಟ್ಟಿಗೆಯ ಗದ್ದಲವೇಕೆಂದು ಜಿಪ್ಸಂ ಹಲಗೆ ತರಿಸಿದೆ. ಹಲಗೆ ನಿಲ್ಲಿಸಿದ ಬಡಿಗನು ಸಂದು ಮುಚ್ಚುವ ಮೊದಲೇ ಬೇರೆ ಊರಿನ ಕೆಲಸಕ್ಕೆ ಹೊರಟುಹೋದ. ಉಳಿದುದೆಷ್ಟು, ನಾಲ್ಕು ಗೆರೆ ತಾನೆ ಎಂದು ನಾನೇ ಕರಣೆ ಹಿಡಿದೆ.

ಲೇಪವನ್ನು ಒಂದೇ ಸಲಕ್ಕೆ ದಪ್ಪನಾಗಿ ಮೆತ್ತಿದೆ. ಮರುದಿನ ನೋಡಿದರೆ ಬೇಸಿಗೆಯ ಎರೆಹೊಲದಂತೆ ಬಿರುಕು!

"ಹೊಟ್ಟು ಹಾಕೀ ಏನೋ?" ಎಂದಳು ಅವ್ವ.

"ಇದಕ್ಕ ಹೊಟ್ಟು ಹಾಕೂದಿಲ್ಲವ್ವಾ."

"ಹಂಗಾರ ಹಿಡದ ನಿಂದರಸೂದು ಯಾವುದು?"

ಬಡಿಗನು ಬಿಟ್ಟುಹೋದ ಕಾಗದದ ಸುರುಳಿ ಆಗ ನೆನಪಾಯಿತು. ಏನನ್ನೋ ಸುತ್ತಿ ತಂದ ಕಾಗದವೆಂದು ಅದನ್ನು ಮೂಲೆಗೆ ಎಸೆದಿದ್ದೆ!

ಅವ್ವ ಮಣ್ಣಿನ ಮನೆಗೆ ಸೊಸೆಯಾಗಿ ಬಂದವಳು. ಕೆಮ್ಮಣ್ಣಿಗೆ ಹೊಟ್ಟು, ಸಗಣಿ ಸೇರಿಸಿ ತುಳಿದು, ಹಬ್ಬದ ಮುಂದೆ ಗೋಡೆ ಮೆತ್ತಿದ ಕೈ ಅದು. 1977ರಲ್ಲಿ ಪೂರ್ಣಗೊಂಡ ಘಟಪ್ರಭೆಯ ಅಣೆಕಟ್ಟಿನ ಹಿನ್ನೀರಿನಲ್ಲಿ ಆ ಮನೆ ಮುಳುಗಿತು. ಬೇಸಿಗೆಯಲ್ಲಿ ನೀರಿಳಿದಾಗ ಹುನ್ನೂರಿನ ವಿಠ್ಠಲನ ಗುಡಿ ಮೇಲೆದ್ದು ಕಾಣುತ್ತದೆ. ಗುಡಿ ಕಲ್ಲಿನದು. ಮಣ್ಣಿನ ಮನೆ ಹಾಗೆ ತಿರುಗಿ ಬರುವುದಿಲ್ಲ.

"ತೆಳ್ಳಗ ಬಳಿ. ಆರಲಿ. ಮತ್ತ ಬಳಿ," ಎಂದಳು.

ಬಿರಿತುದನ್ನೆಲ್ಲ ಕೆರೆದು ತೆಗೆದೆ. ಸಂದಿನಲ್ಲಿ ತೆಳುವಾಗಿ ಲೇಪವೆಳೆದು, ಅದು ಹಸಿಯಿರುವಾಗಲೇ ಕಾಗದದ ಪಟ್ಟಿಯನ್ನು ಕೂರಿಸಿ, ಕೆಳಗೆ ಗಾಳಿ ನಿಲ್ಲದಂತೆ ಕರಣೆಯಿಂದ ಒತ್ತಿದೆ. ಇಡೀ ಒಂದು ದಿನ ಮುಟ್ಟಲಿಲ್ಲ. ಇದೇ ಕಠಿಣವಾದ ಭಾಗ! ಎರಡನೆಯ ಲೇಪವನ್ನು ಮೊದಲಿನದಕ್ಕಿಂತ ಅಗಲವಾಗಿ, ಮೂರನೆಯದನ್ನು ಇನ್ನೂ ಅಗಲವಾಗಿ, ಅಂಚು ಇಲ್ಲವೆನಿಸುವಷ್ಟು ತೆಳುವಾಗಿ ಎಳೆದೆ. ಹಲಗೆಯ ಉದ್ದನೆಯ ಅಂಚುಗಳನ್ನು ತುಸು ತಗ್ಗಾಗಿಯೇ ಮಾಡಿರುತ್ತಾರೆ. ಲೇಪ ಆ ತಗ್ಗಿನಲ್ಲಿ ಅಡಗುತ್ತದೆ. ಕತ್ತರಿಸಿದ ತುದಿಗಳು ಕೂಡುವಲ್ಲಿ ತಗ್ಗಿಲ್ಲ, ಉಬ್ಬು ತಪ್ಪದು. ಅಲ್ಲಿ ಮೊಳದಗಲ ಹರಡಬೇಕು. ಒಣಗಿದ ಮೇಲೆ ನಯವಾದ ಉಪ್ಪುಕಾಗದದಿಂದ ಹಗುರಾಗಿ ಉಜ್ಜಿದೆ. ಮನೆಯೆಲ್ಲ ಬಿಳಿಯ ಧೂಳು. ಮಡದಿ ಎರಡು ದಿನ ಮಾತು ಬಿಟ್ಟಳು.

ಬ್ಯಾಟರಿಯ ಬೆಳಕನ್ನು ಗೋಡೆಗೆ ಓರೆಯಾಗಿ ಹಿಡಿದು ನೋಡಿದೆ. ಎಲ್ಲಿಯೂ ನೆರಳು ಬೀಳಲಿಲ್ಲ. ಬಣ್ಣವೂ ಆಯಿತು. ಗೆದ್ದೆನೆಂದು ಅವ್ವನನ್ನು ಕರೆತಂದೆ. ಕಣ್ಣು ಮಂಜಾದ ಅವಳು ನೋಡಲೇ ಇಲ್ಲ. ಅಂಗೈಯನ್ನು ಗೋಡೆಯ ಮೇಲೆ ಮೆಲ್ಲನೆ ಸರಿಸುತ್ತ ಹೋಗಿ ಬಾಗಿಲ ಬಳಿ ನಿಲ್ಲಿಸಿದಳು.

"ಇಲ್ಲೈತಿ ನೋಡು."

ಉಪ್ಪುಕಾಗದ ತರಲು ಹೊರಟೆ. ಅವಳು ತಡೆದಳು.

"ಇರಲಿ ಬಿಡು. ರಾತ್ರಿ ಕರೆಂಟು ಹೋದರ ಬಾಗಲಾ ಎಲ್ಲೈತಿ ಅನ್ನೂದು ಕೈಗೆ ತಿಳೀತೈತಿ."