ಶೇಷ ಉಳಿದ ಲೆಕ್ಕ

ಅಕ್ಕಲಕೋಟ ಸೀಮೆಯ ಕನ್ನಡ ಶಾಲೆಯೊಂದರಲ್ಲಿ ನಾನು ಗಣಿತ ಕಲಿಸುತ್ತಿದ್ದ ಕಾಲದ ಮಾತು. ನಾವು ‘ಅವಿಭಾಜ್ಯ ಸಂಖ್ಯೆ’ ಎನ್ನುವುದನ್ನು ನೆರೆಯ ಮರಾಠಿ ಶಾಲೆಯಲ್ಲಿ ‘ಮೂಳ ಸಂಖ್ಯಾ’ ಎಂದು ಕಲಿಸುತ್ತಿದ್ದರು. ಒಂದು ದಿನ ಹಲಗೆಯ ಮೇಲೆ 2147483647 ಎಂದು ಬರೆದೆ. “31 ಎರಡುಗಳನ್ನು ಗುಣಿಸಿ, ಬಂದುದರಲ್ಲಿ ಒಂದನ್ನು ಕಳೆದರೆ ಈ ಸಂಖ್ಯೆ. ಇದು ಅವಿಭಾಜ್ಯವೆಂದು 1772ರಲ್ಲಿ ಆಯ್ಲರ್ ತಿಳಿಸಿದನು” ಎಂದೆ. ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, “ಸರ, ಯಾರರ ಪೂರಾ ಭಾಗಿಸಿ ನೋಡ್ಯಾರೇನ್ರೀ?” ಎಂದಳು. “ಪುಸ್ತಕದಲ್ಲಿದೆ, ಬರೆದುಕೋ” ಎಂದು ಕೂಡಿಸಿಬಿಟ್ಟೆ.

ಆ ರಾತ್ರಿ ನಿದ್ರೆ ಬರಲಿಲ್ಲ. ಅವಳ ಪ್ರಶ್ನೆಗೆ ಉತ್ತರ ನನಗೂ ತಿಳಿದಿರಲಿಲ್ಲ.

ಮುಂದಿನ ರವಿವಾರ ಸೊಲ್ಲಾಪುರಕ್ಕೆ ಹೋಗಿ ಗ್ರಂಥಾಲಯದಲ್ಲಿ ಕುಳಿತು ಓದಿದೆ. ಸಂಖ್ಯೆಯೊಂದು ಒಡೆಯುವುದಾದರೆ ಅದರ ಒಂದು ಅಪವರ್ತನವಾದರೂ ವರ್ಗಮೂಲವನ್ನು ಮೀರದು. ಆದುದರಿಂದ 46340ನ್ನು ದಾಟಬೇಕಾಗಿಲ್ಲ. ಅದರೊಳಗಿನ ಅವಿಭಾಜ್ಯ ಸಂಖ್ಯೆಗಳೇ 4792. ಆಯ್ಲರ್ ಅವೆಲ್ಲವನ್ನೂ ಮುಟ್ಟಲಿಲ್ಲ. ಈ ಸಂಖ್ಯೆಯನ್ನು ಭಾಗಿಸಬಲ್ಲ ಅವಿಭಾಜ್ಯವು ಇದ್ದರೆ, ಅದನ್ನು 248ರಿಂದ ಭಾಗಿಸಿದಾಗ ಶೇಷವು 1 ಅಥವಾ 63 ಆಗಿರಲೇಬೇಕು ಎಂದು ಅವನು ಕಂಡುಕೊಂಡಿದ್ದನು. ಅಂತಹ ಸಂಖ್ಯೆಗಳು, 7 ಮತ್ತು 9ರ ಗುಣಲಬ್ಧವಾದ 63ನ್ನು ಬಿಟ್ಟರೆ, ಕೇವಲ 372. ಆ ವೇಳೆಗೆ ಅವನ ದೃಷ್ಟಿ ಬಹುಮಟ್ಟಿಗೆ ನಂದಿಹೋಗಿತ್ತು ಎಂಬುದನ್ನು ಓದಿದಾಗ ನನ್ನ ‘ಬರೆದುಕೋ’ ಎಂಬ ಮಾತು ನನಗೇ ಚುಚ್ಚಿತು.

ಸೋಮವಾರ ತರಗತಿಯಲ್ಲಿ ತಪ್ಪೊಪ್ಪಿಕೊಂಡು, “ನಾವೇ ಭಾಗಿಸಿ ನೋಡೋಣ” ಎಂದೆ. ಮಕ್ಕಳು 31 ಮಂದಿ. ತಲೆಗೆ 12 ಭಾಗಾಕಾರ. ಆ 372ರಲ್ಲಿ ಅವಿಭಾಜ್ಯವಲ್ಲದವನ್ನು ಕೈಬಿಡಬಹುದಿತ್ತು, ಮಕ್ಕಳು ಒಪ್ಪಲಿಲ್ಲ. ಪ್ರಶ್ನೆ ಕೇಳಿದವಳ ಪಾಲಿಗೆ 311 ಬಂತು, ಶೇಷ 35. ನಾಲ್ಕನೆಯ ದಿನ ಹುಡುಗನೊಬ್ಬನು ಶೇಷ ಸೊನ್ನೆಯೆಂದು ಕೂಗಿದನು. ಕ್ಷಣಕಾಲ ನಾನೂ ಬೆವತೆ. ಮರಳಿ ನೋಡಿದರೆ ನಡುವೆ ಒಂದು ಅಂಕಿ ಬಿಟ್ಟುಹೋಗಿತ್ತು. ವಾರದ ಕೊನೆಗೆ 372 ಶೇಷಗಳೂ ಹಲಗೆಯ ಮೇಲಿದ್ದವು, ಒಂದೂ ಸೊನ್ನೆಯಲ್ಲ.

ಆ ಹುಡುಗಿ ಈಗ ಪುಣೆಯಲ್ಲಿ ಗಣಕಯಂತ್ರಗಳ ಕೆಲಸದಲ್ಲಿದ್ದಾಳೆ. ಈಚೆಗೆ ದೂರವಾಣಿಯಲ್ಲಿ, “ಸರ, ನಮ್ಮ ಸಂಖ್ಯೆ ಮತ್ತ ಸಿಕ್ತ್ರೀ” ಎಂದಳು. 1970ರ ಆರಂಭದಿಂದ ಸೆಕೆಂಡುಗಳನ್ನೆಣಿಸುವ ಹಳೆಯ ಗಣಕವ್ಯವಸ್ಥೆಗಳಿಗೆ ಅದೇ ಕೊನೆಯ ಎಣಿಕೆಯಂತೆ. 2038ರ ಜನವರಿ 19ರಂದು ನಮ್ಮ ಬೆಳಗಿನ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ಅದು ತುಂಬುತ್ತದೆ. ಅಷ್ಟರೊಳಗೆ ಅವನ್ನು ತಿದ್ದುವುದು ಅವಳ ಕೆಲಸ.

ನಾನು ಕಲಿಸಿದ ಆ ತರಗತಿಯಲ್ಲಿ ಈಗ ಇರುವವರು 12 ಮಕ್ಕಳು. ಗಡಿಯ ಕನ್ನಡ ಶಾಲೆಗಳ ಸ್ಥಿತಿ ಈ ಸಂಘದ ಬಂಧುಗಳಿಗೆ ಹೊಸದಲ್ಲ. ಆದರೂ ಮನಸ್ಸಿನಲ್ಲಿ ಲೆಕ್ಕ ಹಾಕಿ ನೋಡಿದೆ: ತಲೆಗೆ 31 ಭಾಗಾಕಾರ. ಹೆಚ್ಚು ದಿನ ಹಿಡಿದೀತು, ಆದರೆ ಮುಗಿಯುತ್ತದೆ. ಕೇಳುವ ಮಗುವನ್ನು ಕೂಡಿಸಿಬಿಡಬಾರದು, ಅಷ್ಟೆ.